ಮಳೆ ನಕ್ಷತ್ರ ನೋಡಲು ಎಂಥ ದುರ್ಬೀನು? ಐವತ್ತು ದಾಟಿದ ರೈತರಿಗೆ ನಾಲ್ಕು ಮಾತು

ಮಿರಗ ಯಾವಾಗ ಕೂಡುತ್ತದೆ ಅಂತ ಕೇಳಿದರೆ ನಮ್ಮ ತಾಳಿಕೋಟೆ ಭಾಗದ ಯಾವ ರೈತನೂ ಥಟ್ಟನೆ ಹೇಳುತ್ತಾನೆ, ಜೂನ್ 7 ಇಲ್ಲಾ 8. ರೋಹಿಣಿ ಮೇ 25ರ ಸುಮಾರು. ಆರಿದ್ರಾ ಜೂನ್ 21-22. ಉತ್ತರಿ ಸೆಪ್ಟೆಂಬರ್ 13ರ ಆಜೂಬಾಜು, ಹಸ್ತ ಅದೇ ತಿಂಗಳ 27. ಹಿಂಗಾರಿ ಜೋಳ ಬಿತ್ತುವ ಲೆಕ್ಕವೆಲ್ಲ ಇದರ ಮೇಲೇ ನಿಂತದ್ದು. ಆದರೆ ‘ಆ ಮಿರಗ ಆಕಾಶದಾಗ ಎಲ್ಲೈತಿ ತೋರಸ್ರಿ’ ಅಂದರೆ ಬಹಳ ಮಂದಿ ಗೋಡೆಗೆ ತೂಗಿದ ಪಂಚಾಂಗದ ಕಡೆ ಕೈ ಮಾಡುತ್ತಾರೆ.

ನನಗೆ ಈಗ 56 ವರ್ಷ. ಓದಿದ್ದು ಏಳನೆತ್ತೆ. ಡೋಣಿ ಸೀಮೆಯಲ್ಲಿ 11 ಎಕರೆ ಎರಿ ಹೊಲ, ಮಳೆ ನಂಬಿದ ಬೇಸಾಯ. ತೊಗರಿ, ಕಡಲೆ, ಹಿಂಗಾರಿ ಜೋಳ ಬೆಳೆಯುತ್ತೇನೆ. ಆರು ವರ್ಷದಿಂದ ದುರ್ಬೀನು ಹಿಡಿದು ನಕ್ಷತ್ರ ನೋಡುವ ಹವ್ಯಾಸ ಹತ್ತಿದೆ. ಸಂತೆಯಲ್ಲಿ ಭೇಟಿಯಾದವರು ಎರಡೇ ಪ್ರಶ್ನೆ ಕೇಳುತ್ತಾರೆ: ‘ಎಷ್ಟು ಕೊಟ್ಟಿ?’ ಮತ್ತು ‘ಈ ವಯಸ್ಸಿನಾಗ ಕಣ್ಣು ಕಾಣ್ತಾವೇನು?’ ಎರಡಕ್ಕೂ ಇಲ್ಲಿ ಉತ್ತರ ಬರೆದಿದ್ದೇನೆ.

ಮೊದಲೇ ಒಂದು ಮಾತು. ನಮ್ಮ ವಯಸ್ಸಿಗೆ ದೊಡ್ಡ ದುರ್ಬೀನು ಬೇಡ. ಮೊಣಕಾಲು, ಸೊಂಟ, ಕುತ್ತಿಗೆ ತಡೆಯುವಂಥದ್ದು, ಒಬ್ಬರೇ ಎತ್ತಿ ಹೊರಗಿಡುವಂಥದ್ದು ಬೇಕು. ಅಟ್ಟದ ಮೇಲೆ ಕುಳಿತ ದೊಡ್ಡದಕ್ಕಿಂತ ದಿನಾ ಕೈಗೆ ಬರುವ ಸಣ್ಣದೇ ಹೆಚ್ಚು ತೋರಿಸುತ್ತದೆ.

ಮಳೆ ಇದ್ದಾಗ ಆ ನಕ್ಷತ್ರ ಕಾಣದು

‘ಮಿರಗ ಮಳೆ’ ಅಂದರೆ ಸೂರ್ಯ ಆಗ ಮೃಗಶಿರಾ ನಕ್ಷತ್ರದ ನೇರಕ್ಕೆ ಇದ್ದಾನೆ ಅಂತ ಅರ್ಥ. ಸೂರ್ಯ ಇದ್ದ ಕಡೆಯ ಚುಕ್ಕಿ ಹಗಲಲ್ಲಿ ಕಾಣುವುದು ಹೇಗೆ? ಆ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗುತ್ತದೆ. ಆರು ತಿಂಗಳು ಕಳೆದ ಮೇಲೆ, ಅಂದರೆ ಡಿಸೆಂಬರ್ ನಡುವಿಗೆ, ಅದೇ ಮೃಗಶಿರಾ ನಡುರಾತ್ರಿ ನೆತ್ತಿಯ ಹತ್ತಿರ ಬಂದು ನಿಲ್ಲುತ್ತದೆ. ಹೀಗಾಗಿ ಮಳೆಗಾಲದ ನಕ್ಷತ್ರಗಳನ್ನು ನೋಡುವುದು ಚಳಿಗಾಲ, ಬೇಸಿಗೆಯಲ್ಲಿ. ನಮಗೆ ಒಣಬೇಸಾಯದವರಿಗೆ ಇದು ಅನುಕೂಲವೇ. ಮೋಡವಿಲ್ಲದ ರಾತ್ರಿ ನಮ್ಮಲ್ಲಿ ಅಕ್ಟೋಬರ್ ಕೊನೆಯಿಂದ ಮೇ ತನಕ ಬೇಕಾದಷ್ಟು. ಬೆಳೆಗೆ ಶಾಪವಾದ ಒಣ ಹವೆ ಈ ಕೆಲಸಕ್ಕೆ ವರ.

ಇನ್ನೊಂದು ವಿಷಯ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನ ತೂಗುತ್ತದೆ. ಅದರಿಂದ ಈ ನಕ್ಷತ್ರಗಳ ತಾರೀಖು ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಮುಂದೆ ಸರಿಯುತ್ತದೆ. ಅಜ್ಜನ ಕಾಲಕ್ಕೂ ನಮಗೂ ಒಂದು ದಿನದ ಫರಕು ಅಷ್ಟೆ. ಸಾವಿರ ವರ್ಷಕ್ಕೆ ಮಾತ್ರ ಹೆಚ್ಚುಕಡಿಮೆ ಒಂದು ಪೂರಾ ಮಳೆಯಷ್ಟು, 14 ದಿನ, ಫರಕು ಬೀಳುತ್ತದೆ.

ನಮ್ಮ ಕಣ್ಣಿನ ಲೆಕ್ಕ

ಕಣ್ಣಿನ ನಡುವಿನ ಕರಿ ಕಿಂಡಿಗೆ ಪಾಪೆ ಅನ್ನುತ್ತಾರೆ. ಕತ್ತಲಲ್ಲಿ ಅದು ಅಗಲವಾಗಿ ಬೆಳಕು ಒಳಗೆ ಬಿಡುತ್ತದೆ. ಇಪ್ಪತ್ತರ ಹುಡುಗನಿಗೆ ಸುಮಾರು 7 ಮಿ.ಮೀ. ತನಕ ತೆರೆಯುತ್ತದೆ. ಐವತ್ತು ದಾಟಿದವರಿಗೆ ಸಾಮಾನ್ಯವಾಗಿ 5 ಮಿ.ಮೀ. ಆಸುಪಾಸು. ಈ ಒಂದು ಅಂಕಿ ನೆನಪಿಡಿ, ದುರ್ಬೀನು ಕೊಳ್ಳುವಾಗ ಬೇಕಾಗುತ್ತದೆ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಅರ್ಧ ತಾಸು ಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ. ಟಾರ್ಚಿನ ಗಾಜಿಗೆ ಕೆಂಪು ಪ್ಲಾಸ್ಟಿಕ್ ಹಾಳೆ ಎರಡು ಸುತ್ತು ಕಟ್ಟಿರಿ. ಕೆಂಪು ಬೆಳಕು ಕಣ್ಣು ಕೆಡಿಸುವುದು ಕಡಿಮೆ.

ಚಾಳೀಸು ಬಂದವರು ಹೆದರಬೇಕಿಲ್ಲ. ಹತ್ತಿರದ್ದಾಗಲಿ ದೂರದ್ದಾಗಲಿ, ಬರೀ ನಂಬರಿನ ಚಾಳೀಸಾದರೆ ತೆಗೆದಿಟ್ಟು ದುರ್ಬೀನಿನ ಫೋಕಸ್ ತಿರುಗಿಸಿದರೆ ಸಾಕು, ಚುಕ್ಕಿ ಸಣ್ಣಗೆ ಬರುತ್ತದೆ. ಓರೆ ನಂಬರು, ಅಂದರೆ ಸಿಲಿಂಡರ್ ಹೆಚ್ಚಿದ್ದವರು ಮಾತ್ರ ಚಾಳೀಸು ಹಾಕಿಕೊಂಡೇ ನೋಡಬೇಕು. ಅಂಥವರು ಕೊಳ್ಳುವಾಗ ‘ಕಣ್ಣಿಂದ ಗಾಜಿಗೆ ಎಷ್ಟು ದೂರ ಇಟ್ಟು ನೋಡಬಹುದು’ ಅಂತ ಕೇಳಬೇಕು. 15 ಮಿ.ಮೀ.ಗಿಂತ ಹೆಚ್ಚಿದ್ದರೆ ಒಳ್ಳೆಯದು.

ಕೃತ್ತಿಕೆ ನಮಗೆ ಕಣ್ಣಿನ ಪರೀಕ್ಷೆಯನ್ನೂ ಮಾಡುತ್ತದೆ. ಊರ ಬೆಳಕಿಲ್ಲದ ಕಡೆ ನಿಂತು, ನಿಮ್ಮ ದೂರದ ಚಾಳೀಸು ಹಾಕಿಕೊಂಡು, ಒಂದೊಂದೇ ಕಣ್ಣು ಮುಚ್ಚಿ ಅದರ ಚುಕ್ಕಿ ಎಣಿಸಿರಿ. ಸಾಮಾನ್ಯ ಕಣ್ಣಿಗೆ ಆರು ಸಿಗುತ್ತವೆ, ಚುರುಕಾದ ಕಣ್ಣಿಗೆ ಏಳು-ಎಂಟು. ಮೂರು ವರ್ಷದ ಹಿಂದೆ ನಮ್ಮ ಮನೆಯವರು ಹೀಗೆ ಎಣಿಸಿದಾಗ ಬಲಗಣ್ಣಿಗೆ ಐದು ಬಂದವು. ಎಡಗಣ್ಣಿಗೆ ಬರೀ ಹೊಗೆಯಂಥ ಮಬ್ಬು. ಒಲೆ ಹೊಗೆಯಿಂದ ಕಣ್ಣು ಉರಿಯುತ್ತದೆ ಅಂತ ಎರಡು ವರ್ಷ ಸುಮ್ಮನಿದ್ದರು. ತೋರಿಸಿದರೆ ಪೊರೆ ಬಂದಿತ್ತು, ಆಪರೇಶನ್ ಆಯಿತು. ಆಮೇಲೆ ಒಂದು ರಾತ್ರಿ ಲುಬ್ಧಕ ನಕ್ಷತ್ರವನ್ನು ಒಂದೊಂದೇ ಕಣ್ಣಿಂದ ನೋಡಿ, ‘ಈ ಕಣ್ಣಿಗೆ ನೀಲಿ ಬೆಂಕಿ ಕಂಡಂಗ ಕಾಣ್ತದ, ಆ ಕಣ್ಣಿಗೆ ಚಿಮಣಿ ದೀಪ ಕಂಡಂಗ’ ಅಂದರು. ನಿಜವೇ. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಹಳದಿಗೆ ತಿರುಗಿ ನೀಲಿ ಬೆಳಕನ್ನು ತಡೆಯುತ್ತದೆ. ಹೊಸ ಮಸೂರ ಕೂಡಿಸಿದ ಮೇಲೆ ಆ ಬಣ್ಣ ಮತ್ತೆ ಸಿಗುತ್ತದೆ. ಪೊರೆ ಆಪರೇಶನ್ ಆಯಿತು, ಇನ್ನೇನು ನೋಡುವುದು ಅನ್ನುವವರಿಗೆ ಈ ಮಾತು.

ಚುಕ್ಕಿ ಎಣಿಸುವುದು ಡಾಕ್ಟರ ಪರೀಕ್ಷೆಗೆ ಬದಲಲ್ಲ. ಹೋದ ವರ್ಷಕ್ಕಿಂತ ಕಡಿಮೆ ಬಂದರೆ, ಒಂದು ಚುಕ್ಕಿ ಎರಡಾಗಿ ಕಂಡರೆ, ದೀಪದ ಸುತ್ತ ಬಳೆ ಕಂಡರೆ ತಡಮಾಡದೆ ಕಣ್ಣು ತೋರಿಸಿರಿ. ಸಕ್ಕರೆ ಕಾಯಿಲೆ ಇದ್ದವರು ಹೇಗೂ ವರ್ಷಕ್ಕೊಮ್ಮೆ ತೋರಿಸಲೇಬೇಕು.

ಮೊದಲು ಜೋಡಿ ದುರ್ಬೀನು

ಎರಡೂ ಕಣ್ಣಿಂದ ನೋಡುವ ಬೈನಾಕ್ಯುಲರ್‌ಗೆ ನಾನು ಜೋಡಿ ದುರ್ಬೀನು ಅನ್ನುತ್ತೇನೆ. ಅದರ ಮೇಲೆ 7×50, 10×50 ಅಂತ ಬರೆದಿರುತ್ತದೆ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತರುತ್ತದೆ ಅಂತ. ಎರಡನೆಯದು ಮುಂದಿನ ಗಾಜಿನ ಅಗಲ, ಮಿ.ಮೀ.ನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 7×50ರಲ್ಲಿ ಅದು 7 ಮಿ.ಮೀ. ಹುಡುಗರಿಗೆ ಸರಿ. ನಮ್ಮ ಪಾಪೆ 5 ತೆರೆದರೆ ಉಳಿದ ಬೆಳಕು ಹೊರಗೇ ಚೆಲ್ಲಿ ಹೋಗುತ್ತದೆ. ಸಣ್ಣ ಬಾಯಿಯ ತಂಬಿಗೆಗೆ ದೊಡ್ಡ ಕೊಡದಿಂದ ನೀರು ಸುರಿದ ಹಾಗೆ. 10×50ರಲ್ಲಿ 5 ಮಿ.ಮೀ. ನಮ್ಮ ಕಣ್ಣಿಗೆ ಅಳತೆ ಮಾಡಿಸಿದ ಹಾಗೆ ಕೂಡುತ್ತದೆ.

ನಾನು ಕೊಂಡದ್ದು 10×50. ಆಗ 6,800 ರೂಪಾಯಿ ಬಿತ್ತು. ಹೆಚ್ಚುಕಡಿಮೆ ಒಂದು ಕ್ವಿಂಟಲ್ ತೊಗರಿ ದುಡ್ಡು. ತೂಕ ಒಂದು ಕಿಲೋದ ಒಳಗೆ. 15×70, 20×80 ಅಂತ ದೊಡ್ಡವು ಬರುತ್ತವೆ. ಅವನ್ನು ಕೈಯಲ್ಲಿ ಹಿಡಿದರೆ ನಡುಗುತ್ತವೆ, ಸ್ಟ್ಯಾಂಡು ಬೇಕೇ ಬೇಕು. ಕೊಳ್ಳುವಾಗ ದೂರದ ವಿದ್ಯುತ್ ಕಂಬ ನೋಡಿರಿ. ಕಂಬ ಎರಡಾಗಿ ಕಂಡರೆ, ಎರಡು ನಿಮಿಷಕ್ಕೇ ಹಣೆ ನೋವು ಬಂದರೆ ಎರಡು ಕೊಳವೆ ನೇರ ಇಲ್ಲ ಅಂತ ತಿಳಿಯಿರಿ, ಬಿಟ್ಟುಬಿಡಿ.

ನಿಂತು ಮೇಲೆ ನೋಡಿದರೆ ನಮ್ಮ ವಯಸ್ಸಿಗೆ ಕುತ್ತಿಗೆ ಹಿಡಿಯುತ್ತದೆ, ತಲೆ ಸುತ್ತುತ್ತದೆ. ಕಣದಲ್ಲಿ ಹೊರಸು ಹಾಕಿ ಅಂಗಾತ ಮಲಗಿ ನೋಡಿರಿ. ತಲೆ ಕೆಳಗೆ ಕೌದಿ ಮಡಚಿ ಇಟ್ಟುಕೊಂಡು, ಮೊಣಕೈಯನ್ನು ಹೊರಸಿನ ಅಂಚಿಗೆ ಆನಿಸಿದರೆ ಕೈ ನಡುಗುವುದು ನಿಲ್ಲುತ್ತದೆ. ಗುರುಗ್ರಹದ ನಾಲ್ಕು ಚಂದ್ರರನ್ನು ಗೆಲಿಲಿಯೊ 1610ರ ಜನವರಿಯಲ್ಲಿ ಕಂಡ. ಅವನ್ನು ಈ ಸಣ್ಣ ಜೋಡಿ ದುರ್ಬೀನನ್ನು ಕಂಬಕ್ಕೆ ಒತ್ತಿ ಹಿಡಿದು ನಾವೂ ನೋಡಬಹುದು. ದಿನ ದಿನಕ್ಕೆ ಅವು ಜಾಗ ಬದಲಿಸುತ್ತವೆ.

ಪೆಟ್ಟಿಗೆ ಮೇಲಿನ ದುರ್ಬೀನು

ಒಂದು ಎರಡು ವರ್ಷ ಜೋಡಿ ದುರ್ಬೀನು ನೋಡಿ, ರುಚಿ ಹತ್ತಿದ ಮೇಲೆ ಒಂಟಿ ದುರ್ಬೀನಿನ ಮಾತು. ನಮ್ಮಂಥವರಿಗೆ ಒಳ್ಳೆಯದು ಡಾಬ್ಸನ್ ಮಾದರಿ. ಅಡಿಯಲ್ಲಿ ಕನ್ನಡಿ ಇಟ್ಟ ಕೊಳವೆ, ಅದನ್ನು ಹೊತ್ತ ಕಟ್ಟಿಗೆಯ ಪೆಟ್ಟಿಗೆ. ಅತ್ತಿತ್ತ, ಮೇಲೆ ಕೆಳಗೆ ಕೈಯಿಂದ ತಳ್ಳಿದರೆ ಸಾಕು. ತಿರುಪು, ಗಿಯರು, ಬ್ಯಾಟರಿ ಏನೂ ಇಲ್ಲ. ಕೆಟ್ಟರೆ ನಮ್ಮ ಬಡಿಗರೇ ರಿಪೇರಿ ಮಾಡುತ್ತಾರೆ.

ಇದನ್ನು ರೂಢಿಗೆ ತಂದವರು ಜಾನ್ ಡಾಬ್ಸನ್. ಹುಟ್ಟಿದ್ದು 1915ರಲ್ಲಿ ಚೀನಾದಲ್ಲಿ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಮಠಕ್ಕೆ 1944ರಲ್ಲಿ ಸೇರಿ 1967ರ ತನಕ ಸನ್ಯಾಸಿಯಾಗಿದ್ದರು. ಕೈಯಲ್ಲಿ ದುಡ್ಡಿಲ್ಲ. ಹಡಗಿನ ಕಿಟಕಿಯ ಹಳೆ ಗಾಜು ಉಜ್ಜಿ ಕನ್ನಡಿ ಮಾಡಿ, ರಟ್ಟಿನ ಕೊಳವೆ, ಪ್ಲೈವುಡ್ ಚೂರು ಕೂಡಿಸಿ ದುರ್ಬೀನು ಕಟ್ಟಿದರು. ಆಮೇಲೆ ರಸ್ತೆ ಬದಿಗೆ ಇಟ್ಟು ಹೋಗಿಬರುವವರಿಗೆಲ್ಲ ಪುಕ್ಕಟೆ ತೋರಿಸಿದರು. ಮುಪ್ಪಿನಲ್ಲೂ ಊರೂರು ತಿರುಗಿ ತೋರಿಸುವುದನ್ನು ಬಿಡಲಿಲ್ಲ. 2014ರಲ್ಲಿ ತೀರಿಕೊಂಡಾಗ 98 ವರ್ಷ.

ಅಳತೆ ಹೇಗೆ ಆರಿಸಬೇಕು? ಕನ್ನಡಿ 6 ಇಂಚಿನದಾದರೆ ಪೆಟ್ಟಿಗೆ ಸಹಿತ ಸುಮಾರು 15-17 ಕಿಲೋ. ಕೊಳವೆ ಬೇರೆ, ಪೆಟ್ಟಿಗೆ ಬೇರೆ ಮಾಡಿ ಎರಡು ಸಲ ಒಯ್ಯಬಹುದು. 8 ಇಂಚಿನದು 20 ಕಿಲೋ ಸುಮಾರು, ಕೆಲವು ಇನ್ನೂ ಹೆಚ್ಚು. ಕಾಳಿನ ಚೀಲ ಹೊತ್ತ ಬೆನ್ನು ಅಂತ ಧೈರ್ಯ ಬೇಡ, ಕತ್ತಲಲ್ಲಿ ಎತ್ತುವುದು ಬೇರೆ ಮಾತು. 6 ಇಂಚಿನದು 50 ಮಿ.ಮೀ. ಗಾಜಿಗಿಂತ ಒಂಬತ್ತು ಪಟ್ಟು ಬೆಳಕು ಹಿಡಿಯುತ್ತದೆ. ಶನಿಯ ಬಳೆ, ಗುರುವಿನ ಪಟ್ಟೆ, ಚಂದ್ರನ ಗುಂಡಿ ಎಲ್ಲಾ ಬೇಕಾದಷ್ಟು ಕಾಣುತ್ತವೆ.

‘500 ಪಟ್ಟು ದೊಡ್ಡದು ಮಾಡುತ್ತದೆ’ ಅಂತ ಡಬ್ಬಿ ಮೇಲೆ ಬರೆದ ಸಣ್ಣ ದುರ್ಬೀನು ಕೊಳ್ಳಬೇಡಿ. ಒಂದು ಇಂಚು ಅಗಲಕ್ಕೆ 50 ಪಟ್ಟಿನ ಮೇಲೆ ಹೋದರೆ ಬರೀ ಮಬ್ಬು. ಎರಡೂವರೆ ಇಂಚಿನದಕ್ಕೆ 125 ಪಟ್ಟೇ ಕಟ್ಟಕಡೆ. ಪಟ್ಟು ಲೆಕ್ಕ ಸುಲಭ: ಕೊಳವೆಯ ಫೋಕಸ್ ದೂರವನ್ನು ಕಣ್ಣಿಡುವ ಗಾಜಿನ ಅಂಕಿಯಿಂದ ಭಾಗಿಸಿರಿ. ನಮ್ಮದು 1200 ಮಿ.ಮೀ. 25ರ ಗಾಜು ಹಾಕಿದರೆ 48 ಪಟ್ಟು, 10ರ ಗಾಜು ಹಾಕಿದರೆ 120. ವಯಸ್ಸಾದವರ ಕಣ್ಣಲ್ಲಿ ತೇಲುವ ಕರಿ ನೂಲಿನಂಥವು ಪಟ್ಟು ಹೆಚ್ಚಿದಷ್ಟೂ ಅಡ್ಡ ಬರುತ್ತವೆ. ನಾನು ಹತ್ತಕ್ಕೆ ಎಂಟು ಸಲ 25ರ ಗಾಜಿನಲ್ಲೇ ನೋಡುತ್ತೇನೆ.

ಡಾಬ್ಸನ್ ಮಾದರಿಯಲ್ಲಿ ಕಣ್ಣಿಡುವ ಜಾಗ ಕೊಳವೆಯ ಮೇಲ್ತುದಿಯ ಪಕ್ಕಕ್ಕೆ ಇರುತ್ತದೆ. ಬಗ್ಗಬೇಕಿಲ್ಲ, ಸ್ಟೂಲಿನ ಮೇಲೆ ಕೂತು ನೋಡಬಹುದು. ಕೂತು ನೋಡುವವರಿಗೆ ನಿಂತವರಿಗಿಂತ ಹೆಚ್ಚು ಕಾಣುತ್ತದೆ, ಇದು ನನ್ನ ಅನುಭವ. ಎರಿ ಮಣ್ಣಿನ ಮೇಲೆ ಪೆಟ್ಟಿಗೆ ಇಟ್ಟರೆ ವಾಲುತ್ತದೆ. ಒಡ್ಡಿನ ಬದಿ ನಮ್ಮ ಕಡೆಯ ಹಾಸುಗಲ್ಲು ಒಂದು ಹಾಕಿಕೊಂಡರೆ ಕಾಯಂ ಜಾಗ ಆಯಿತು. ಕಲ್ಲು ಹಗಲೆಲ್ಲ ಕಾದಿರುತ್ತದೆ. ಸಂಜೆ ಅದರ ಮೇಲಿನ ಬಿಸಿಗಾಳಿಯಿಂದ ಚುಕ್ಕಿ ಕುದಿದ ಹಾಗೆ ಕಾಣುತ್ತದೆ. ಸಂಜೆಗೇ ಎರಡು ಕೊಡ ನೀರು ಸುರಿದು, ದುರ್ಬೀನನ್ನೂ ಮುಕ್ಕಾಲು ತಾಸು ಮೊದಲೇ ಹೊರಗಿಟ್ಟು, ಒಂಬತ್ತರ ಮೇಲೆ ನೋಡಲು ಕೂಡಿರಿ.

ಖರ್ಚು? ನಾವು ನಾಲ್ಕು ಮನೆಯವರು ಕೂಡಿ ತಲಾ 7,000 ಹಾಕಿ ಒಟ್ಟು 28,000ದಲ್ಲಿ 6 ಇಂಚಿನದು ತರಿಸಿದೆವು. ಕೂರಿಗೆ, ಪಂಪು ಕೂಡಿ ಬಳಸಿದ ಹಾಗೆ. ಒಂದೊಂದು ವಾರ ಒಬ್ಬೊಬ್ಬರ ಮನೆ. ಶಾಲೆ ಮಕ್ಕಳು ಕೇಳಿದರೆ ಇಲ್ಲ ಅನ್ನಬಾರದು ಅಂತ ಕರಾರು. ಗಂಡುಮಕ್ಕಳು ಪುಣೆ, ಗೋವಾ ಅಂತ ದುಡಿಯಲು ಹೋದ ಮನೆಗಳು ನಮ್ಮವು. ಊಟ ಆದ ಮೇಲೆ ಮುದುಕ-ಮುದುಕಿ ಟಿವಿ ಮುಂದೆ ಕೂಡುವ ಹೊತ್ತಿಗೆ ಈಗ ನಾಲ್ಕೂ ಮನೆಯವರು ಕಣದಲ್ಲಿ ಸೇರುತ್ತೇವೆ. ಈ 7,000ಕ್ಕೆ ಬಂದ ದೊಡ್ಡ ಫಾಯದೆ ಅದೇ ಅನ್ನಬೇಕು.

ಪರೀಕ್ಷೆ ಪಾಸಾಗದವರ ದುರ್ಬೀನು

ಓದು ಕಡಿಮೆ, ನಮಗೇನು ತಿಳಿದೀತು ಅನ್ನುವವರಿಗೆ ರಾಧಾಗೋವಿಂದ ಚಂದ್ರರ ಕಥೆ ಹೇಳಬೇಕು. ಈಗ ಬಾಂಗ್ಲಾದೇಶದಲ್ಲಿರುವ ಜೆಸ್ಸೋರ್ ಸೀಮೆಯಲ್ಲಿ 1878ರಲ್ಲಿ ಹುಟ್ಟಿದವರು. ಮೆಟ್ರಿಕ್ ಮಟ್ಟದ ಪರೀಕ್ಷೆ ಪಾಸಾಗಲಿಲ್ಲ. ಖಜಾನೆಯಲ್ಲಿ ನಾಣ್ಯ ಪರೀಕ್ಷಿಸುವ ಸಣ್ಣ ನೌಕರಿ. 3 ಇಂಚಿನ ದುರ್ಬೀನು ಕೊಂಡು, ಬೆಳಕು ಹೆಚ್ಚುಕಡಿಮೆ ಆಗುವ ನಕ್ಷತ್ರಗಳನ್ನು ರಾತ್ರಿ ರಾತ್ರಿ ನೋಡಿ ಬರೆದಿಟ್ಟರು. ಅಮೆರಿಕದ ನಕ್ಷತ್ರ ವೀಕ್ಷಕರ ಸಂಘ ಅವರ ಕೆಲಸ ಮೆಚ್ಚಿ 6 ಇಂಚಿನ ದುರ್ಬೀನು ಕಳಿಸಿಕೊಟ್ಟಿತು. ಎಪ್ಪತ್ತರ ವಯಸ್ಸಿನ ತನಕ ನೋಡುತ್ತಲೇ ಇದ್ದು 37 ಸಾವಿರಕ್ಕೂ ಹೆಚ್ಚು ವೀಕ್ಷಣೆ ಕಳಿಸಿದರು. ಆ ದುರ್ಬೀನು ಆಮೇಲೆ ವಿಜ್ಞಾನಿ ವೈನು ಬಾಪು ಅವರ ಕೈಸೇರಿ ತಮಿಳುನಾಡಿನ ಕಾವಲೂರು ವೀಕ್ಷಣಾಲಯಕ್ಕೆ ಹೋಯಿತು.

ಕನ್ನಡದಲ್ಲಿ ಓದಬೇಕೆಂದರೆ ಜಿ.ಟಿ. ನಾರಾಯಣರಾವ್ ಅವರ ನಕ್ಷತ್ರ ವೀಕ್ಷಣೆಯ ಪುಸ್ತಕಗಳಿವೆ. ಬೆಂಗಳೂರಿಗೆ ಹೋದವರು 1989ರಲ್ಲಿ ಶುರುವಾದ ಜವಾಹರಲಾಲ್ ನೆಹರು ತಾರಾಲಯ ನೋಡಿ ಬರಬಹುದು. ಅದಕ್ಕೂ ಮೊದಲೇ, 1976ರಲ್ಲಿ, ಅಲ್ಲಿ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಕಟ್ಟಿದ್ದಾರೆ. ಆದರೆ ಅವರಿಗೆ ದೀಪದ ಕಾಟ. ನಮ್ಮಷ್ಟು ಕತ್ತಲೆ ಬೇಕೆಂದರೆ ಊರು ಬಿಟ್ಟು ಬಲು ದೂರ ಹೋಗಬೇಕು.

ಯಾವ ತಿಂಗಳು ಏನು ನೋಡಬೇಕು

ಎಲ್ಲವೂ ರಾತ್ರಿ ಒಂಬತ್ತರ ಸುಮಾರಿಗೆ, ತಿಂಗಳ ನಡುವೆ, ನಮ್ಮ ಭಾಗದಿಂದ.

ನವೆಂಬರ್: ಉತ್ತರಕ್ಕೆ ಎತ್ತರದಲ್ಲಿ ದೇವಯಾನಿ ನಕ್ಷತ್ರಪುಂಜದ ಮಬ್ಬು ಚುಕ್ಕಿ. ಅದು ಬೇರೊಂದು ಆಕಾಶಗಂಗೆ. ಬೆಳಕು ಅಲ್ಲಿಂದ ಹೊರಟು 25 ಲಕ್ಷ ವರ್ಷ ಆಗಿದೆ.

ಜನವರಿ: ಕೃತ್ತಿಕೆ ನೆತ್ತಿಯ ಹತ್ತಿರ. ಜೋಡಿ ದುರ್ಬೀನಲ್ಲಿ ಹತ್ತಾರು ಚುಕ್ಕಿ. ಅದರ ಪೂರ್ವಕ್ಕೆ ಕೇಸರಿ ಬಣ್ಣದ ರೋಹಿಣಿ.

ಫೆಬ್ರವರಿ: ಮೃಗಶಿರಾ, ಅದರ ಪಕ್ಕ ಕೆಂಪು ಆರಿದ್ರಾ. ಸಾಲಾಗಿ ನಿಂತ ಮೂರು ಚುಕ್ಕಿಯ ಕೆಳಗೆ ಒಂದು ಮಬ್ಬು ಮೋಡ ಇದೆ. ಅಲ್ಲಿ ಹೊಸ ನಕ್ಷತ್ರ ಹುಟ್ಟುತ್ತಿವೆ. ದಕ್ಷಿಣಕ್ಕೆ ಅಗಸ್ತ್ಯ.

ಮಾರ್ಚ್: ಪುನರ್ವಸುವಿನ ಜೋಡಿ ಚುಕ್ಕಿ. ನೆತ್ತಿಗೆ ಪುಷ್ಯ. ಬರಿಗಣ್ಣಿಗೆ ಪುಷ್ಯದ ಹತ್ತಿರ ಏನೂ ವಿಶೇಷ ಇಲ್ಲ, ಜೋಡಿ ದುರ್ಬೀನು ಹಿಡಿದರೆ ಜೇನುಹುಟ್ಟಿನಂಥ ನಕ್ಷತ್ರದ ಗುಂಪು.

ಏಪ್ರಿಲ್: ನೆತ್ತಿಗೆ ಮಗಿ. ಅದರ ಪೂರ್ವಕ್ಕೆ ಹುಬ್ಬಿ, ಉತ್ತರಿ ಸಾಲಾಗಿ.

ಮೇ: ಅಂಗೈ ಚಾಚಿದ ಹಾಗೆ ಐದು ಚುಕ್ಕಿಯ ಹಸ್ತ, ಅದರ ಹತ್ತಿರ ಚಿತ್ತಿ, ಈಶಾನ್ಯಕ್ಕೆ ಹೊಳೆಯುವ ಸ್ವಾತಿ. ದಕ್ಷಿಣಕ್ಕೆ ತ್ರಿಶಂಕು, ಅಂಚಿನಿಂದ ಒಂದು ಒಂದೂವರೆ ಮುಷ್ಟಿ ಮೇಲೆ. ಲಂಡನ್ನಿನವರಿಗೆ ಇದು ಯಾವತ್ತೂ ಕಾಣದು.

ಚಂದ್ರನನ್ನು ಹುಣ್ಣಿಮೆಗೆ ನೋಡಬೇಡಿ, ಕಣ್ಣು ಕುಕ್ಕುತ್ತದೆ. ಶುಕ್ಲ ಅಷ್ಟಮಿಗೆ ನೋಡಿರಿ, ಗುಂಡಿ-ಗುಡ್ಡದ ನೆರಳು ಚಲೋ ಕಾಣುತ್ತದೆ. ಶನಿಯ ಬಳೆ 2025ರ ಮಾರ್ಚಿನಲ್ಲಿ ಅಂಚು ತಿರುಗಿಸಿ ಗೆರೆಯಂತೆ ಆಗಿತ್ತು. ಇನ್ನು 2032ರ ಸುಮಾರಿಗೆ ಪೂರಾ ಅಗಲವಾಗಿ ಕಾಣುತ್ತದೆ. ಶನಿ ಒಂದು ಸುತ್ತು ಮುಗಿಸಲು ಇಪ್ಪತ್ತೊಂಬತ್ತೂವರೆ ವರ್ಷ. ನಾನು ಹುಟ್ಟಿದ ಮೇಲೆ ಎರಡನೇ ಸುತ್ತು ಮುಗಿಯಲು ಬಂದಿದೆ.

ಹುಷಾರಾಗಿರಬೇಕಾದದ್ದು

ದುರ್ಬೀನಿನಿಂದ ಸೂರ್ಯನನ್ನು ಎಂದೂ ನೋಡಬಾರದು. ಕ್ಷಣದಲ್ಲಿ ಕಣ್ಣು ಸುಟ್ಟುಹೋಗುತ್ತದೆ. ಹಗಲು ಮಕ್ಕಳ ಕೈಗೆ ಸಿಗದಂತೆ ಇಡಿ. ರಾತ್ರಿ ಹೊಲಕ್ಕೆ ಹೋಗುವಾಗ ಬೂಟು, ಕೋಲು, ಟಾರ್ಚು ಬೇಕೇ ಬೇಕು. ಎರಿ ಬಿರುಕಿನಲ್ಲಿ ಹಾವು, ಚೇಳು ಇರುತ್ತವೆ. ಕಾಲೂ ಸಿಕ್ಕಿ ಬೀಳುತ್ತೀರಿ. ಜಾಗ ಹಗಲೇ ಸ್ವಚ್ಛ ಮಾಡಿಡಿ. ಕನ್ನಡಿ ಮೇಲೆ ಧೂಳು ಕೂತರೆ ಧೋತರದ ಅಂಚಿನಿಂದ ಒರೆಸಬೇಡಿ, ಗೀರು ಬೀಳುತ್ತದೆ. ಸ್ವಲ್ಪ ಧೂಳಿದ್ದರೆ ಏನೂ ಆಗದು. ರಾಶಿ ಮಾಡುವ ದಿನ ಕಣಕ್ಕೆ ತರಲೇಬೇಡಿ. ಮಳೆಗಾಲದಲ್ಲಿ ಬಾಯಿ ಮುಚ್ಚಿ ಒಣ ಕೋಣೆಯಲ್ಲಿಡಿ. ರಾತ್ರಿ ಹನ್ನೊಂದಕ್ಕೆ ಮಲಗಿದರೂ ಸಾಕು, ಬೆಳಿಗ್ಗೆ ಹೊಲದ ಕೆಲಸ ಇದ್ದೇ ಇದೆ.

ಕಡೆಗೆ ಒಂದು ಲೆಕ್ಕ. ಪುನರ್ವಸುವಿನ ಎರಡು ಚುಕ್ಕಿಯಲ್ಲಿ ಒಂದರ ಬೆಳಕು ನಮಗೆ ಮುಟ್ಟಲು 34 ವರ್ಷ ಬೇಕು, ಇನ್ನೊಂದರದ್ದು ಸುಮಾರು 51 ವರ್ಷ. ಮೊದಲನೆಯ ಬೆಳಕು ಹೊರಟಾಗ ನಾನು 22ರ ಪ್ರಾಯದವ, ಅಪ್ಪನ ಕೈಯಿಂದ ಮೊದಲ ಸಲ ಕೂರಿಗೆ ಹಿಡಿದ ವರ್ಷ. ಎರಡನೆಯದು ಹೊರಟಾಗ ಶಾಲೆಗೆ ಸೇರಿರಲಿಲ್ಲ. ಎರಡೂ ಒಂದೇ ರಾತ್ರಿ ನನ್ನ ಕಣ್ಣಿಗೆ ಬರುತ್ತವೆ. ಇದಕ್ಕೆ ವಯಸ್ಸಾಗಿರಬೇಕು, ಹುಡುಗರಿಗೆ ಈ ಲೆಕ್ಕ ಕೂಡಿಬರುವುದಿಲ್ಲ.

ಶುರು ಮಾಡುವವರಿಗೆ ಎಳ್ಳಮವಾಸ್ಯೆಯಂಥ ದಿನ ಬೇರೆ ಇಲ್ಲ. ಹೊಲಕ್ಕೆ ಹೇಗೂ ಹೋಗಿರುತ್ತೇವೆ, ಚರಗ ಚೆಲ್ಲಿರುತ್ತೇವೆ, ಬುತ್ತಿ ಉಂಡಿರುತ್ತೇವೆ. ಅವತ್ತು ಚಂದ್ರ ಇರುವುದಿಲ್ಲ. ಸಂಜೆಗೇ ಗಾಡಿ ಕಟ್ಟಬೇಡಿ. ಕತ್ತಲಾಗುವ ತನಕ ಕುಳಿತು, ದುರ್ಬೀನು ಇಲ್ಲದಿದ್ದರೂ ಸರಿ, ಪೂರ್ವಕ್ಕೆ ಮುಖ ಮಾಡಿ ಕೃತ್ತಿಕೆ, ರೋಹಿಣಿ, ಮೃಗಶಿರಾ ಒಂದಾದ ಮೇಲೊಂದು ಏರಿ ಬರುವುದನ್ನು ನೋಡಿರಿ. ಕೃತ್ತಿಕೆಯಲ್ಲಿ ಎಷ್ಟು ಎಣಿಸಿದಿರಿ ಅಂತ ಪಂಚಾಂಗದ ಅಂಚಿನಲ್ಲಿ ಬರೆದಿಡಿ, ಎಡಗಣ್ಣಿಂದು ಬೇರೆ, ಬಲಗಣ್ಣಿಂದು ಬೇರೆ.